ಆಲೆಟ್ಟಿಯ ಹತ್ತು ಸಮಸ್ತರ ಅರಿಕೆ

ಸ್ವಾಮೀ, ನಾಗಪಟ್ಟಣದ ಸದಾಶಿವ ದೇವರೇ,

ಸುಳ್ಯ ತಾಲೂಕಿನ ಆಲೆಟ್ಟಿ ಗ್ರಾಮದ ಹತ್ತು ಸಮಸ್ತರು ಕೈಮುಗಿದು ನಿಂತಿದ್ದೇವೆ. ಉಳಿದ ಸಲ ಹೀಗೆ ನಿಲ್ಲುವುದು ಮಳೆಗಾಗಿ, ಬೆಳೆಗಾಗಿ, ಜಾತ್ರೆ ನಿರ್ವಿಘ್ನವಾಗಿ ಸಾಗಲಿ ಎಂದು. ಈ ಸಲ ನಿಂತದ್ದು ನಮ್ಮ ಊರಿನ ಪ್ರೌಢಶಾಲೆಯ ಮಕ್ಕಳ ಹೆಸರಿನಲ್ಲಿ. ಶಾಲೆಯ ಒಂದು ವರ್ಷ ಮುಗಿದು ಮತ್ತೊಂದು ವರ್ಷ ಶುರುವಾಗುವ ಹೊತ್ತು. ಕಳೆದ ವರ್ಷದ್ದನ್ನು ಒಪ್ಪಿಸಿ, ಬರುವ ವರ್ಷಕ್ಕೆ ಬೇಕಾದದ್ದನ್ನು ಕೇಳಿಕೊಂಡು ಹೋಗೋಣ ಎಂದು ಬಂದಿದ್ದೇವೆ.

ನಮ್ಮಲ್ಲಿ ಎಲ್ಲರೂ ನಿನ್ನನ್ನು ಈ ಹೆಸರಿನಿಂದ ಕರೆಯುವವರಲ್ಲ. ಮಸೀದಿಯಲ್ಲಿ ದುವಾ ಮಾಡುವವರಿದ್ದಾರೆ, ಇಗರ್ಜಿಯಲ್ಲಿ ಮೊಣಕಾಲೂರುವವರಿದ್ದಾರೆ, ದೈವದ ಚಾವಡಿಯೆದುರು ಮಾತ್ರ ತಲೆ ತಗ್ಗಿಸುವವರೂ ಇದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರೆಲ್ಲರ ಮಕ್ಕಳ ಹೆಸರು ಒಂದರ ಕೆಳಗೊಂದು ಬರೆದಿದೆ. ಅದೇ ಕ್ರಮದಲ್ಲಿ ನಮ್ಮ ಮಾತನ್ನೂ ಕೇಳಿಸಿಕೋ.

ಮೊದಲು ಮಕ್ಕಳು ಯಾರೆಂದು ಹೇಳುತ್ತೇವೆ. ಅಡಿಕೆ ತೋಟದ ಮನೆಯ ಮಕ್ಕಳಿದ್ದಾರೆ. ಅದೇ ತೋಟಕ್ಕೆ ಕೆಲಸಕ್ಕೆ ಹೋಗುವವರ ಮಕ್ಕಳಿದ್ದಾರೆ. ಇಬ್ಬರೂ ಒಂದೇ ಬೆಂಚಿನವರು. ಬೆಳಗಾಗುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಡುವ ಅಮ್ಮಂದಿರ ಮಕ್ಕಳಿದ್ದಾರೆ. ಅವರು ತಾವೇ ಎದ್ದು, ತಂಗಿಯ ಜಡೆ ಹಾಕಿ, ಬುತ್ತಿ ಕಟ್ಟಿ, ಬಾಗಿಲಿಗೆ ಚಿಲಕ ಹಾಕಿ ಬರುವವರು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಂದು ಒಪ್ಪಂದದಿಂದಾಗಿ ಶ್ರೀಲಂಕಾದ ತೋಟಗಳನ್ನು ಬಿಟ್ಟು ಹಡಗು ಹತ್ತಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ನಿಂತವು. ಆ ಕುಟುಂಬಗಳ ಕುಡಿಗಳು ಈ ತಾಲೂಕಿನ ಶಾಲೆಗಳಲ್ಲಿ ಕನ್ನಡ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದಾರೆ.

ಈ ಊರಿನ ಮನೆಗಳಲ್ಲಿ ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಹವ್ಯಕ, ಮರಾಟಿ, ತಮಿಳು ಎಲ್ಲ ಕೇಳಿಸುತ್ತವೆ. ಅರೆಭಾಷೆಗೆ ಸರಕಾರ ಒಂದು ಅಕಾಡೆಮಿ ಕೊಟ್ಟದ್ದು 2011ರಲ್ಲಿ. ನಮ್ಮ ಶಾಲೆಯ ಅಂಗಳದಲ್ಲಿ ಅದಕ್ಕೆ ಯಾವತ್ತೂ ಜಾಗ ಇತ್ತು. ಪಾಠಪುಸ್ತಕದ ಕನ್ನಡ ಹೆಚ್ಚಿನ ಮಕ್ಕಳಿಗೆ ಅಜ್ಜಿ ಆಡಿದ ಮಾತಲ್ಲ. ಎಲ್ಲರೂ ಒಂದಿಷ್ಟು ನಡೆದೇ ಅದನ್ನು ಮುಟ್ಟಬೇಕು. ಹಾಗಾಗಿ ಮನೆಯಲ್ಲಿ ಮಲಯಾಳಂ ಆಡುವ ಹುಡುಗಿ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 120 ದಾಟಿದರೆ, ಆ ಅಂಕದ ಹಿಂದೆ ಅಂಕಪಟ್ಟಿಯಲ್ಲಿ ಕಾಣದ ಒಂದು ಪಯಣ ಇದೆ. ಅದು ನಿನ್ನ ಗಮನಕ್ಕೆ ಬರಲಿ.

ಪಯಣ ಎಂದಾಗ ದಾರಿಯ ಮಾತೂ ಬಂತು. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಂದೇ ತಿಂಗಳಲ್ಲಿ. ಗುಡ್ಡದ ಒಂಟಿಮನೆಗಳಿಂದ ಇಳಿದು ಬರುವ ಮಕ್ಕಳು ತೋಡು ದಾಟಬೇಕು. ಕೆಲವು ಕಡೆ ದಾಟುವುದು ಅಡಿಕೆ ಮರದ ಸಂಕದ ಮೇಲೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹಗ್ಗ. ಪುಸ್ತಕ ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಬ್ಯಾಗಿನೊಳಗೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ಸುದ್ದಿ ಮೊಬೈಲಿಗೆ ಬರುವ ಹೊತ್ತಿಗೆ ಕೆಲವರು ಅರ್ಧ ದಾರಿಗೆ ಬಂದಾಗಿರುತ್ತದೆ.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಬಂದದ್ದು ಈ ತಾಲೂಕಿನ ಯಾರಿಗೂ ಮರೆತುಹೋಗಿಲ್ಲ. ಅದಾದ ಮೇಲೆ ಜೋರು ಮಳೆಯ ರಾತ್ರಿ ದೊಡ್ಡವರು ಗುಡ್ಡದ ಸದ್ದಿಗೆ ಕಿವಿಗೊಟ್ಟು ಮಲಗುತ್ತಾರೆ, ಮಕ್ಕಳು ದೊಡ್ಡವರ ಮುಖ ನೋಡಿ ಮಲಗುತ್ತಾರೆ. ಮರುದಿನ ಅವರೇ ಇಸ್ತ್ರಿ ಹಾಕಿದ ಸಮವಸ್ತ್ರದಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಾಡಗೀತೆ ಹಾಡುತ್ತಾರೆ. ಬಹುಮಾನದ ಪಟ್ಟಿ ಮಾಡುವಾಗ ಪೂರ್ಣ ಹಾಜರಿಗೆ ಒಂದು ಬಹುಮಾನ ಇಡುವ ಕ್ರಮ ಉಂಟಲ್ಲ, ಅದನ್ನು ಎಲ್ಲಕ್ಕಿಂತ ಮೇಲೆ ಬರೆಯುವ ಬುದ್ಧಿ ನಮಗೆ ಕೊಡು.

ದಾರಿ ಮಾಡಿಕೊಟ್ಟವರನ್ನೂ ಈ ಹೊತ್ತು ನೆನೆಯಬೇಕು. ನಮ್ಮದೇ ಅರಂಬೂರಿನಲ್ಲಿ ಪಯಸ್ವಿನಿಗೆ ಅಡ್ಡವಾಗಿ ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರು 1989ರಲ್ಲಿ ತೂಗುಸೇತುವೆ ಕಟ್ಟಿದರು. ಅದು ಅವರ ಮೊದಲ ಸೇತುವೆ. ಊರವರು ಮೈಬಗ್ಗಿಸಿ ದುಡಿದು ಜೊತೆಗೆ ನಿಂತರು. ಆಮೇಲೆ ಅವರು ದೇಶದ ಬೇರೆ ಬೇರೆ ಹಳ್ಳಿಗಳಲ್ಲಿ ನೂರಕ್ಕೂ ಮಿಕ್ಕಿ ಅಂತಹ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಮೊದಲ ಸೇತುವೆಗೂ ಆ ಪ್ರಶಸ್ತಿಗೂ ನಡುವೆ 28 ವರ್ಷ. ಅಷ್ಟು ವರ್ಷ ಸೇತುವೆಯ ಮೇಲೆ ಜನ ನಡೆದರು, ಹಾಲಿನ ಕ್ಯಾನು ಹೋಯಿತು, ಶಾಲೆಯ ಚೀಲ ಹೋಯಿತು. ಸಾಧನೆಗೆ ನಮ್ಮ ಊರಿನಲ್ಲಿಯೇ ಇಂತಹ ಅಳತೆಗೋಲು ಇರುವಾಗ ಬೇರೆಯದನ್ನು ಎರವಲು ತರುವ ಅಗತ್ಯ ನಮಗಿಲ್ಲ. ಒಬ್ಬರು ಮಾಡಿದ್ದರಿಂದ ಎಷ್ಟು ಜನ ಆಚೆ ದಡ ಸೇರಿದರು ಎಂಬ ಆ ಅಳತೆ ನಮ್ಮ ಮಕ್ಕಳಿಗೂ ಸಿಗಲಿ.

ಈಗ ಅಂಕದ ಲೆಕ್ಕ ಒಪ್ಪಿಸುತ್ತೇವೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 92.12 ಫಲಿತಾಂಶ ಪಡೆದು ರಾಜ್ಯದಲ್ಲಿ ಎರಡನೆಯದಾಯಿತು. 2025ರಲ್ಲಿ ಶೇ. 91.12ಕ್ಕೆ ಇಳಿದು ಮೊದಲನೆಯದಾಯಿತು. ಇಳಿದೂ ಮೇಲೇರುವ ವಿದ್ಯೆ ಸ್ಥಾನಕ್ಕೆ ಮಾತ್ರ ಗೊತ್ತು. ನಾವು ಪಟಾಕಿ ಹೊಡೆಯಲಿಲ್ಲ ಎಂದು ಹೇಳುವುದಿಲ್ಲ. ಜಿಲ್ಲೆ ಮೊದಲು ಬಂದದ್ದಕ್ಕೆ ಎಲ್ಲರಿಗೂ ಸಂತೋಷವಾಯಿತು. ಆದರೆ ಜಿಲ್ಲೆಯ ಆ ಲೆಕ್ಕದೊಳಗೆ ನೂರಕ್ಕೆ ಸುಮಾರು ಒಂಬತ್ತು ಮಕ್ಕಳು ಕರಗಿಹೋದರು. ಯಾವ ಊರು, ಯಾವ ಮನೆ ಎಂದು ಯಾರೂ ಕೇಳಲಿಲ್ಲ.

ಸಣ್ಣ ಶಾಲೆಯಲ್ಲಿ ಹಾಗೆ ಕರಗಲು ಜಾಗವಿಲ್ಲ ಸ್ವಾಮೀ. 25 ಮಕ್ಕಳ ತರಗತಿ ಎಂದಿಟ್ಟುಕೊಂಡರೆ ಒಂದು ಮಗು ಎಂದರೆ ಶೇಕಡಾ ನಾಲ್ಕು. ಅದೊಂದು ಗಣಿತದಲ್ಲಿ ಬಿದ್ದರೆ ಶಾಲೆಯ ಫಲಿತಾಂಶ 96. ಆ ನಾಲ್ಕಕ್ಕೆ ಹೆಸರಿದೆ, ಮನೆಯಿದೆ. ಅದು ಅನ್ನಕ್ಕೆ ಸಾರು ಹೆಚ್ಚು ಹಾಕಿಸಿಕೊಳ್ಳುತ್ತದೆಂದು ಅಡುಗೆಯಕ್ಕನಿಗೆ ಗೊತ್ತಿದೆ. ಅದರ ಅಪ್ಪ ಯಾವ ಗಾಡಿಯಲ್ಲಿ ಬರುತ್ತಾನೆಂದು ಇಡೀ ತರಗತಿಗೆ ಗೊತ್ತಿದೆ.

ಈ ಲೆಕ್ಕದಿಂದ ಒಳ್ಳೆಯದೂ ಆಗುತ್ತದೆ, ಕೆಟ್ಟದ್ದೂ ಆಗುತ್ತದೆ. ಒಳ್ಳೆಯದು ಏನೆಂದರೆ, ಎರಡು ದಿನ ಮಗು ಬಾರದಿದ್ದರೆ ಮೂರನೆಯ ದಿನ ಮಾಷ್ಟ್ರು ಬೈಕು ಹತ್ತಿ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಜನವರಿಯಿಂದ ಸಂಜೆಯ ವಿಶೇಷ ತರಗತಿ ನಡೆಯುತ್ತದೆ, ಟೀಚರು ತಮ್ಮ ಕೈಯಿಂದ ಅವಲಕ್ಕಿ ಬಾಳೆಹಣ್ಣು ತರುತ್ತಾರೆ. ಕೆಟ್ಟದ್ದು ಯಾವಾಗ ಎಂದರೆ, ಶೇಕಡಾ ನೂರರ ಬ್ಯಾನರು ಮೊದಲೇ ಮನಸ್ಸಿನಲ್ಲಿ ಅಚ್ಚಾಗಿ, ಕಲಿಕೆಯಲ್ಲಿ ಹಿಂದಿರುವ ಮಗು ಆ ಬ್ಯಾನರಿನ ಮೇಲಿನ ಕಲೆಯಂತೆ ಕಾಣತೊಡಗಿದಾಗ. "ನೀನೊಬ್ಬನಿಂದ ನೂರು ತಪ್ಪುತ್ತದೆ" ಎಂಬ ಮಾತು ಹದಿನೈದು ವರ್ಷದ ಹುಡುಗನ ಕಿವಿಗೆ ಬಿದ್ದರೆ ಅದು ಅವನ ಜೊತೆ ಬಹಳ ವರ್ಷ ಇರುತ್ತದೆ. ನಾವು ಶೇಕಡಾ ನೂರನ್ನು ಬೇಡುತ್ತೇವೆ, ಮುಚ್ಚುಮರೆ ಇಲ್ಲ. ಆದರೆ ಒಂದು ಮಗುವನ್ನೂ ಪರೀಕ್ಷೆಯಿಂದ ದೂರ ಇಡದೆ, ಒಂದು ಮಗುವನ್ನೂ ಹಣಿಯದೆ ಬರುವ ನೂರು ನಮಗೆ ಬೇಕು. ಅದು ಸಿಗದ ವರ್ಷ ತೊಂಬತ್ತಾರನ್ನೇ ತಲೆಯೆತ್ತಿ ಹೇಳುವ ಧೈರ್ಯ ಕೊಡು.

625ಕ್ಕೆ 600 ದಾಟಿದ ಮಕ್ಕಳನ್ನು ನಿನ್ನೆದುರು ಸಂತೋಷದಿಂದ ನಿಲ್ಲಿಸುತ್ತೇವೆ. ಅವರ ಶ್ರಮಕ್ಕೆ ಯಾವ ಅಡ್ಡಮಾತೂ ಬೇಡ. 2024ರಲ್ಲಿ ಇಡೀ ರಾಜ್ಯದಲ್ಲಿ 625ಕ್ಕೆ 625 ಪಡೆದವಳು ಒಬ್ಬಳೇ, ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಸರಕಾರಿ ವಸತಿ ಶಾಲೆಯ ಹುಡುಗಿ. ಸರಕಾರಿ ಶಾಲೆಯ ಮಕ್ಕಳಿಗೆ ಅದೆಲ್ಲ ಎಟಕುವುದಲ್ಲ ಎನ್ನುವವರ ಬಾಯಿ ಅವಳು ಮುಚ್ಚಿಸಿದಳು. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಬರೆದು ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನ ಗೆಲ್ಲುವ ಮಕ್ಕಳೂ ನಮ್ಮಂತಹ ಶಾಲೆಗಳಲ್ಲಿದ್ದಾರೆ. ಆ ಹಣ ಒಂಬತ್ತನೆಯ ತರಗತಿಯಿಂದ ಪಿಯುಸಿ ಮುಗಿಯುವ ತನಕ ಬರುತ್ತದೆ. ಕೂಲಿಯ ಮನೆಯಲ್ಲಿ ಅದು ಬಸ್ಸಿನ ಪಾಸು, ಕನ್ನಡಕ, ಕೆಲವು ಸಲ ಇಡೀ ಮನೆಯ ಅಕ್ಕಿ. ಹದಿಮೂರರ ಮಗು ಮನೆಗೆ ಅಕ್ಕಿ ತರುವುದು ಹೆಮ್ಮೆಯ ವಿಷಯವೋ ದುಃಖದ ವಿಷಯವೋ ನೀನೇ ಹೇಳಬೇಕು.

ಆಟದ ಬಯಲಿಗೆ ಬಂದರೆ ಸಣ್ಣ ಶಾಲೆಯ ಸೊಗಸು ಚೆನ್ನಾಗಿ ಕಾಣುತ್ತದೆ. ಕಬಡ್ಡಿ ತಂಡಕ್ಕೆ ಏಳು ಜನ ಒಳಗೆ, ಐದು ಜನ ಹೊರಗೆ, ಒಟ್ಟು ಹನ್ನೆರಡು ಬೇಕು. ದೊಡ್ಡ ಶಾಲೆಯಲ್ಲಿ ನೂರು ಜನರಿಂದ ಹನ್ನೆರಡು ಆರಿಸುತ್ತಾರೆ. ನಮ್ಮಲ್ಲಿ ಹನ್ನೆರಡಾಗಬೇಕಾದರೆ ಮೂಲೆಯಲ್ಲಿ ಕುಳಿತವಳನ್ನೂ ಎಬ್ಬಿಸಬೇಕು. "ನನಗೆ ಬರುವುದಿಲ್ಲ ಸರ್" ಎಂದು ಹಿಂದೆ ಸರಿದ ಹುಡುಗಿ ವಲಯ ಮಟ್ಟದಲ್ಲಿ ಎದುರಾಳಿಯ ಕಣಕಾಲು ಹಿಡಿದು ಬಿಡದೆ ನಿಲ್ಲುತ್ತಾಳೆ. ಅದೇ ಹುಡುಗಿ ಮರುವಾರ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ ಹಾಡಬೇಕು, ಮಧ್ಯಾಹ್ನ ರಂಗೋಲಿ ಸ್ಪರ್ಧೆಗೆ ಕೂರಬೇಕು, ಬೇರೆ ಯಾರಿದ್ದಾರೆ? ಧಾರ್ಮಿಕ ಪಠಣದ ಸ್ಪರ್ಧೆಯಲ್ಲಿ ಒಬ್ಬ ಸಂಸ್ಕೃತ ಶ್ಲೋಕ ಹೇಳುತ್ತಾನೆ, ಇನ್ನೊಬ್ಬ ಅರಬ್ಬಿಯಲ್ಲಿ ಓದುತ್ತಾನೆ. ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿ ಒಂದೇ ಹೋಟೆಲಿನಲ್ಲಿ ಗೋಳಿಬಜೆ ತಿಂದು ಬರುತ್ತಾರೆ. ಬಹುಮಾನ ಬಂದರೆ ಶಾಲೆಗೆ ಬಂತು ಎನ್ನುತ್ತಾರೆ, ಯಾರಿಗೆ ಬಂತು ಎಂಬುದು ಆಮೇಲೆ. ಈ ಕ್ರಮ ಮಾತ್ರ ತಪ್ಪದ ಹಾಗೆ ನೋಡಿಕೋ.

ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿಕೊಂಡು ಇದ್ದವರು. ಆಟ, ನಾಟಕ, ಚಿತ್ರ, ಸುತ್ತಲಿನ ಗಿಡಮರ, ಇವುಗಳಿಂದಲೇ ಮಗು ಕಲಿಯಬೇಕು ಎಂದು ಪಟ್ಟು ಹಿಡಿದವರು. 1936ರಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದು ಕೊಟ್ಟರು. ಅಂತಹವರು ನಡೆದಾಡಿದ ಸೀಮೆಯಲ್ಲಿ ಫೆಬ್ರವರಿ ಬಂದಕೂಡಲೇ ಹತ್ತನೆಯವರಿಗೆ ಚೆಂಡು ಕೊಡಬೇಡಿ ಎನ್ನುವ ಅಪ್ಪಂದಿರು ನಾವಾಗಿದ್ದೇವೆ. ಪರೀಕ್ಷೆಯ ತಿಂಗಳಲ್ಲಿಯೂ ದಿನಕ್ಕೆ ಅರ್ಧ ಗಂಟೆ ಅಂಗಳ ಮಕ್ಕಳದ್ದಾಗಿಯೇ ಉಳಿಯಲಿ.

ವೇದಿಕೆ ಎಂದೂ ಹತ್ತದವರ ಹೆಸರಿನಲ್ಲಿಯೂ ಒಂದು ಪ್ರಾರ್ಥನೆ ಇದೆ. ಬಿಸಿಯೂಟದ ಅಕ್ಕಂದಿರು ಬೆಳಗ್ಗೆ ಬಂದು ಒಲೆ ಹಚ್ಚುತ್ತಾರೆ. 2007ರ ಹೊತ್ತಿಗೆ ಪ್ರೌಢಶಾಲೆಯ ಮಕ್ಕಳಿಗೂ ಊಟ ಶುರುವಾಯಿತು, 2013ರ ಆಗಸ್ಟಿನಿಂದ ಹಾಲು ಸೇರಿತು. ಆದೇಶ ಹೊರಟದ್ದು ಬೆಂಗಳೂರಿನಿಂದಾದರೂ ಅದು ಅನ್ನವಾಗುವುದು ಇವರ ಕೈಯಲ್ಲಿ. ಯಾವ ಮಗು ಇವತ್ತು ಉಣ್ಣಲಿಲ್ಲ ಎಂದು ಮುಖ್ಯೋಪಾಧ್ಯಾಯರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಶಾಲೆಯ ಕೈತೋಟದ ಬಸಳೆ, ಅಲಸಂಡೆ, ತೊಂಡೆಕಾಯಿ ಅವರ ಪಾತ್ರೆಗೆ ಬೀಳುವ ದಿನ ಮಕ್ಕಳು ತಾವೇ ಬೆಳೆಸಿದ್ದೆಂದು ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ವಾರ್ಷಿಕೋತ್ಸವದ ಶಾಲು ಹೊದೆಸುವಾಗ ಗಣ್ಯರ ಪಟ್ಟಿ ಮುಗಿದ ಮೇಲೆ ನೆನಪಾದರೆ ಕರೆಯುವುದು ಅಲ್ಲ, ಅವರ ಹೆಸರಿನಿಂದಲೇ ಪಟ್ಟಿ ಶುರುವಾಗಲಿ.

ಖಾಯಂ ಹುದ್ದೆ ಖಾಲಿಯಿರುವ ವಿಷಯವನ್ನು ಅತಿಥಿ ಶಿಕ್ಷಕರು ಕಲಿಸುತ್ತಾರೆ. ಮುಂದಿನ ಜೂನಿನಲ್ಲಿ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆಯೂ ತ್ರಿಕೋನಮಿತಿಯನ್ನು ಮೂರನೆಯ ಸಲ ಬಿಡಿಸಿ ಹೇಳುವವರು ಅವರು. ಅವರ ಮನೆಯ ಒಲೆಯೂ ಉರಿಯಲಿ. ಎಸ್‌ಡಿಎಂಸಿಯಲ್ಲಿ ಮಾತಿಗಿಂತ ಕೆಲಸ ಹೆಚ್ಚು ಮಾಡುವವರು, ಶ್ರಮದಾನದ ಭಾನುವಾರ ಕತ್ತಿ ಹಾರೆ ಹಿಡಿದು ಬರುವ ಯುವಕ ಮಂಡಲದವರು, ಹೆಸರು ಹಾಕಬೇಡಿ ಎಂದು ಹೇಳಿ ಫ್ಯಾನು ಕೊಟ್ಟವರು, ಪರವೂರಿನಲ್ಲಿದ್ದುಕೊಂಡು ಕಲಿತ ಶಾಲೆಯನ್ನು ಮರೆಯದ ಹಳೆ ವಿದ್ಯಾರ್ಥಿಗಳು, ಎಲ್ಲರಿಗೂ ಒಳ್ಳೆಯದಾಗಲಿ.

ನಮ್ಮ ಹಿಂದಿನವರನ್ನೂ ಮರೆಯುವ ಹಾಗಿಲ್ಲ. ಕುರುಂಜಿ ವೆಂಕಟರಮಣ ಗೌಡರ ಮುಂದಾಳುತನದಲ್ಲಿ 1976ರಲ್ಲಿ ಸುಳ್ಯದಲ್ಲಿ ನೆಹರು ಸ್ಮಾರಕ ಮಹಾವಿದ್ಯಾಲಯ ಶುರುವಾಗುವ ತನಕ ನಮ್ಮ ಕಡೆಯವರು ಪದವಿ ಓದಬೇಕೆಂದರೆ ಪುತ್ತೂರಿಗೋ ಮಡಿಕೇರಿಗೋ ಮಂಗಳೂರಿಗೋ ಹೋಗಿ ಉಳಿಯಬೇಕಿತ್ತು. ಗಂಡುಮಕ್ಕಳಲ್ಲಿ ಕೆಲವರು ಹೋದರು. ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಹತ್ತಕ್ಕೆ, ಅದಕ್ಕೂ ಮೊದಲೇ, ನಿಂತರು. ಈಗ ಮೊಮ್ಮಗಳ ಬಹುಮಾನ ವಿತರಣೆಗೆ ಬಂದು ಹಿಂದಿನ ಸಾಲಿನಲ್ಲಿ ಕೂರುವ ಅಜ್ಜಿಯರು ಅವರೇ. ಮೊಮ್ಮಗಳು ವೇದಿಕೆಯಿಂದ ಇಳಿದು ಬಂದು ಫಲಕವನ್ನು ಅಜ್ಜಿಯ ಮಡಿಲಲ್ಲಿ ಇಟ್ಟರೆ, ಆ ಬಹುಮಾನ ಸೇರಬೇಕಾದ ಕಡೆ ಸೇರಿತು ಎಂದು ತಿಳಿದುಕೋ.

ಇನ್ನು ಬೇಡಿಕೆ, ಸ್ವಾಮೀ. ತೋಟಗಳಿಗೆ ಹಳದಿ ಎಲೆ ರೋಗ, ಅದರ ಮೇಲೆ ಎಲೆಚುಕ್ಕಿ. ಕೊಳೆರೋಗಕ್ಕೆ ಮೈಲುತುತ್ತು ಬಿಟ್ಟು ಬಿಟ್ಟು ಕೈ ನೀಲಿಯಾಗಿದೆ. ಅಡಿಕೆ ಹೋದ ಮನೆಯಲ್ಲಿ ಮೊದಲು ಕಡಿತವಾಗುವುದು ಮಕ್ಕಳ ಓದಿನ ಖರ್ಚು. ಹಾಗಾಗಿ ತೋಟಕ್ಕಾಗಿ ಬೇಡಿದ್ದು ಶಾಲೆಗಾಗಿ ಬೇಡಿದ್ದೂ ಹೌದು. ಎರಡನ್ನೂ ಒಂದೇ ಅರಿಕೆಯಲ್ಲಿ ಸೇರಿಸಿಕೋ.

ಊರಿನ ಶಾಲೆಗೆ ಮಕ್ಕಳು ಬರಲಿ. ಬೆಳಗ್ಗೆ ಏಳೂವರೆಗೆ ಹಳದಿ ವ್ಯಾನು ನಮ್ಮದೇ ಅಂಗಳದಿಂದ ಮಕ್ಕಳನ್ನು ಪೇಟೆಗೆ ಒಯ್ಯುತ್ತದೆ. ಹೋಗುವವರನ್ನು ದೂರುವುದಿಲ್ಲ, ಮಗುವಿಗೆ ಒಳ್ಳೆಯದಾಗಲಿ ಎಂಬ ಆಸೆ ಎಲ್ಲರದ್ದೂ. ಆದರೆ ವ್ಯಾನು ಒಂದು ಮಗುವನ್ನು ಒಯ್ದರೆ ಶಾಲೆಯಲ್ಲಿ ಕಬಡ್ಡಿಗೆ ಹನ್ನೆರಡು ಸಿಗದೆ ಹೋಗಬಹುದು, ಒಂದು ಹುದ್ದೆ ಹೋಗಬಹುದು, ಕೊನೆಗೆ ಬಾಗಿಲಿಗೆ ಬೀಗವೇ ಬೀಳಬಹುದು. ದೇವಸ್ಥಾನದ ಬ್ರಹ್ಮಕಲಶಕ್ಕೆ ನಾವು ಹಸಿರು ಹೊರೆಕಾಣಿಕೆ ತರುವ ಚಂದ ನಿನಗೆ ಗೊತ್ತು. ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ, ಸೌತೆಕಾಯಿ ಹೊತ್ತು ವಾಲಗದ ಜೊತೆ ಬರುತ್ತೇವೆ, ಯಾರ ಮನೆಯಿಂದ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಅಂತಹ ಒಂದು ಮೆರವಣಿಗೆ ವರ್ಷಕ್ಕೊಮ್ಮೆ ಶಾಲೆಯ ಗೇಟಿನೊಳಗೂ ಹೋಗುವಂತಾಗಲಿ. ನಿನಗೆ ಬಂದದ್ದರಲ್ಲಿ ಕಡಿಮೆಯಾಯಿತು ಎಂದು ನೀನು ಕೋಪಿಸಿಕೊಳ್ಳುವವನಲ್ಲ.

ಕೊನೆಯದಾಗಿ, ತೇರ್ಗಡೆಯಾಗದ ಮಗುವಿಗಾಗಿ. ಫಲಿತಾಂಶದ ದಿನ ಆ ಮಗುವಿನ ಮನೆಯಲ್ಲಿ ಫೋನು ಬಂದ್ ಆಗಿರುತ್ತದೆ. ಈಗ ಕಾನೂನು ಕೂಡ ಸ್ವಲ್ಪ ಮೆದುವಾಗಿದೆ. ಪರೀಕ್ಷೆ-1ರಲ್ಲಿ ಬಿದ್ದರೆ ಅದೇ ವರ್ಷ ಪರೀಕ್ಷೆ-2 ಎಂದು ಮತ್ತೊಂದು ಅವಕಾಶ ಇದೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇಲಾಖೆ ಮತ್ತೊಮ್ಮೆ ಬಾಗಿಲು ತೆರೆಯುವಾಗ ಊರು ಒಂದೇ ಸಲಕ್ಕೆ ಮುಚ್ಚಿಬಿಡಬಾರದು.

ಇದಕ್ಕಾಗಿ ಹತ್ತು ಸಮಸ್ತರು ಹರಕೆ ಹೇಳಿಕೊಳ್ಳುತ್ತಿದ್ದೇವೆ. ಪರೀಕ್ಷೆ-2ಕ್ಕೆ ಕೂರುವ ಪ್ರತಿ ಮಗುವಿಗೆ ಊರಿನಲ್ಲಿ ಓದಿದವರು ಒಬ್ಬರು ದಿನವೂ ಸಂಜೆ ಜೊತೆ ಕೂರುತ್ತಾರೆ. ಪರೀಕ್ಷೆಯ ದಿನ ಕೇಂದ್ರದ ಗೇಟಿನ ತನಕ ಊರಿನ ರಿಕ್ಷಾ ಬಿಡುತ್ತದೆ, ಬಾಡಿಗೆ ನಮ್ಮದು. ಏಳನೆಯ ತರಗತಿ ಮುಗಿಸಿದ ಮಕ್ಕಳ ಮನೆಗೆ ಮೇ ತಿಂಗಳಲ್ಲಿ ನಾವೇ ಹೋಗಿ, ನಮ್ಮ ಶಾಲೆಗೆ ಕಳುಹಿಸಿ ಎಂದು ಕೇಳುತ್ತೇವೆ. ಬಹುಮಾನದ ದಿನ ಪರೀಕ್ಷೆ-2ರಲ್ಲಿ ಗೆದ್ದವನನ್ನೂ 600 ದಾಟಿದವಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅದೇ ಚಪ್ಪಾಳೆ ತಟ್ಟುತ್ತೇವೆ.

ಇದರಲ್ಲಿ ಒಂದನ್ನಾದರೂ ಬಾಕಿ ಇಟ್ಟುಕೊಂಡರೆ, ಮುಂದಿನ ಅಷ್ಟಮಂಗಲ ಪ್ರಶ್ನೆಯಲ್ಲಿ ದೈವಜ್ಞರ ಬಾಯಿಂದ ಎಲ್ಲರೆದುರು ಹೇಳಿಸು: "ಶಾಲೆಗೆ ಹೇಳಿಕೊಂಡ ಹರಕೆ ಒಂದು ತೀರಿಸದೆ ಉಳಿದಿದೆ." ಆಗ ಯಾರ ಮನೆಯಿಂದ ಬಾಕಿ ಎಂದು ನಾವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರೂ ಸೇರಿ ಬಡ್ಡಿಸಮೇತ ತೀರಿಸುತ್ತೇವೆ.